ಗುಂಡಿಯ ಅಳತೆ

ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ ಎಂಬ ದೂರು ಯಾವ ಮನೆಯಲ್ಲಿಲ್ಲ ಹೇಳಿ? ನಮ್ಮ ಮನೆಯಲ್ಲೂ ಇತ್ತು. ಇದು ವಯಸ್ಸಿನ ಹಟ, ತಾನಾಗಿ ಸರಿಹೋಗುತ್ತದೆ ಎಂದುಕೊಂಡೆವು.

ನಾನು ಟೈಲರ್. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಅಂಗಡಿ, ಎರಡು ಮಷೀನು, ಒಂದು ಇಸ್ತ್ರಿ ಮೇಜು. ಟೇಪು ಮುಟ್ಟದೆ, ಕಣ್ಣಲ್ಲಿ ನೋಡಿಯೇ ಸೊಂಟದ ಅಳತೆ ಹೇಳಬಲ್ಲೆ ಎಂಬ ಜಂಬ ನನಗೆ. ಗಿರಾಕಿಗಳ ಅಳತೆಯೆಲ್ಲ ಪುಸ್ತಕದಲ್ಲಿದೆ. ಮಗಳದ್ದು ಮಾತ್ರ ಇಲ್ಲ. ಮನೆಯ ಮಗುವಿನ ಅಳತೆ ಯಾರು ಬರೆದಿಡುತ್ತಾರೆ?

ಮಗಳಿಗೆ ಹದಿನಾರು. ಚಿಕ್ಕವಳಿದ್ದಾಗ ಮಷೀನಿನ ಪಕ್ಕದಲ್ಲೇ ಗುಂಡಿಗಳ ಡಬ್ಬಿ ಹಿಡಿದು ಕೂರುತ್ತಿದ್ದಳು. ಅದಕ್ಕೇ ‘ಗುಂಡಿ’ ಎಂದು ಕರೆದೆ. ಅಂಗಡಿಗೆ ಬಂದವರೂ ಹಾಗೇ ಕರೆದು ನಗುತ್ತಿದ್ದರು.

ಒಂದು ದಿನ ಶಾಲೆಯ ಸ್ಕರ್ಟ್ ತಂದಳು. “ಅಮ್ಮ, ಸೊಂಟ ಲೂಸಾಗಿದೆ, ಸ್ವಲ್ಪ ಹಿಡಿದುಕೊಡು.” ಅರ್ಧ ಇಂಚು ಹಿಡಿದು ಹೊಲಿದೆ. ಮುಂದಿನ ತಿಂಗಳು ಮತ್ತೆ ಅರ್ಧ ಇಂಚು. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಒಳಗೆ ಒಂದಿಷ್ಟು ಬಟ್ಟೆ ಬಿಡಬೇಕು, ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು. ಇದು ನಮ್ಮ ಕಸುಬಿನ ಮೊದಲ ಪಾಠ. ನಾನು ಅದನ್ನೇ ತಿರುಗಾಮುರುಗಾ ಮಾಡುತ್ತಿದ್ದೆ. ಎಷ್ಟು ಚೆನ್ನಾಗಿ ಹಿಡಿದೆನೆಂದರೆ ಅವಳು ಸೊರಗುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲ. ಬಟ್ಟೆ ಹೇಳಿ ಮಾಡಿಸಿದ ಹಾಗಿದೆ ಎಂದು ಜನ ಹೊಗಳಿದರು. ನಾನು ಹಿಗ್ಗಿದೆ. 

ಅವಳು ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದ ದಿನ ಪಕ್ಕದ ಮನೆಯ ನರ್ಸಕ್ಕ ಓಡಿಬಂದರು. ನಾಡಿ ನೋಡಿ ನನ್ನನ್ನು ಬದಿಗೆ ಕರೆದರು.

“ಇವಳು ಮುಟ್ಟಾಗಿ ಎಷ್ಟು ತಿಂಗಳಾಯ್ತು?”

ನನಗೆ ಗೊತ್ತಿರಲಿಲ್ಲ.

“ಊಟ ಮಾಡೋದನ್ನ ಕಣ್ಣಾರೆ ನೋಡಿದ್ದೀಯಾ?”

“ಸ್ಕೂಲಲ್ಲಿ ತಿಂದೆ ಅಂತಾಳೆ ಅಕ್ಕ. ಹಟ ಜಾಸ್ತಿ.”

“ಹಟ ಅಲ್ಲ ಕಣೇ, ಕಾಯಿಲೆ. ನಾಡಿ ಇಷ್ಟು ನಿಧಾನ ಇದೆ ಅಂದ್ರೆ ಹೃದಯ ಸೋತಿದೆ. ಈಗಲೇ ಹೊರಡಿ.”

ಐದು ವಾರ ಆಸ್ಪತ್ರೆಯಲ್ಲಿದ್ದೆವು. ಇನ್ನಷ್ಟು ತಡ ಮಾಡಿದ್ದರೆ ಕೈ ಮೀರುತ್ತಿತ್ತು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಮೈ ಸ್ವಲ್ಪ ಸುಧಾರಿಸಿತು. ತಟ್ಟೆಯ ಭಯ, ತಿಂದರೆ ದಪ್ಪಗಾಗುತ್ತೇನೆ ಎಂಬ ಭಯ ಮಾತ್ರ ಹೋಗಲಿಲ್ಲ. ಆಗ ಅಲ್ಲಿನ ಆಪ್ತಸಮಾಲೋಚಕಿ, ನಾವೆಲ್ಲ ಮೇಡಂ ಎನ್ನುವವರು, ವಿಆರ್ ಕನ್ನಡಕದ ಮಾತೆತ್ತಿದರು. ಅದನ್ನು ಹಾಕಿಕೊಂಡರೆ ಕಂಪ್ಯೂಟರ್ ತೋರಿಸುವ ಲೋಕದೊಳಗೇ ನಿಂತ ಹಾಗೆ ಅನಿಸುತ್ತದಂತೆ.

ಲಾರಿ ಓಡಿಸುವ ನನ್ನ ಗಂಡ ಸಿಡುಕಿದರು. “ಮಗಳು ಊಟ ಬಿಟ್ಟು ಕೂತಿದ್ದಾಳೆ, ಇವರು ಸಿನಿಮಾ ತೋರಿಸ್ತಾರಂತೆ.”

ಜೊತೆಗೆ ಬಂದಿದ್ದ ನರ್ಸಕ್ಕ ಬಿಡಲಿಲ್ಲ. “ಅಲ್ಲಪ್ಪಾ, ನೀನು ಲಾರಿ ಕಲಿಯೋವಾಗ ಮೊದಲ ದಿನವೇ ಹೆದ್ದಾರಿಗೆ ಇಳಿದ್ಯಾ? ಖಾಲಿ ಮೈದಾನದಲ್ಲಿ ಓಡಿಸಿದೆ ತಾನೇ? ಇದೂ ಹಾಗೇ. ಕನ್ನಡಕದೊಳಗೆ ಕ್ಯಾಂಟೀನ್ ಕಾಣುತ್ತೆ, ತಟ್ಟೆ ಕಾಣುತ್ತೆ, ಜನ ಕಾಣ್ತಾರೆ. ಭಯ ಆದ್ರೆ ಮೇಡಂ ಪಕ್ಕದಲ್ಲೇ ಇರ್ತಾರೆ. ಅಲ್ಲಿ ರೂಢಿ ಆದ್ಮೇಲೆ ನಿಜವಾದ ತಟ್ಟೆ.”

“ಅಷ್ಟರಿಂದ ವಾಸಿ ಆಗುತ್ತಾ?”

“ಇದೊಂದರಿಂದ್ಲೇ ಆಗಲ್ಲ. ಡಾಕ್ಟರು, ಊಟದ ಪಟ್ಟಿ, ಮಾತುಕತೆ ಎಲ್ಲ ಬೇಕು. ಇದು ಅದಕ್ಕೊಂದು ಊರುಗೋಲು. ಎಲ್ಲರಿಗೂ ಒಂದೇ ಥರ ಫಲ ಕೊಡುತ್ತೆ ಅಂತಲೂ ಹೇಳಲ್ಲ.”

ಮೊದಲ ದಿನ ಮೇಡಂ ಮಗಳಿಗೆ ಕನ್ನಡಕ ಹಾಕಿ, “ನೀನು ಹೇಗಿದ್ದೀಯ ಅಂತ ನಿನಗೆ ಅನಿಸುತ್ತೋ, ಹಾಗೇ ಒಂದು ಆಕೃತಿ ಮಾಡು” ಎಂದರು. ನಾವು ನೋಡಬಹುದೇ ಎಂದು ಅವಳನ್ನೇ ಕೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು. ಗೋಡೆಯ ಪರದೆಯ ಮೇಲೆ ಒಂದು ಹುಡುಗಿ ಮೂಡಿದಳು. ಮಗಳು ಕೈಯಲ್ಲಿದ್ದ ಸಾಧನ ಒತ್ತಿದಂತೆಲ್ಲ ಆ ಹುಡುಗಿಯ ಸೊಂಟ ಅಗಲವಾಯಿತು, ತೋಳು ದಪ್ಪವಾಯಿತು. ಮೇಡಂ ಅದರ ಪಕ್ಕದಲ್ಲಿ ಅವಳ ನಿಜವಾದ ಅಳತೆಯ ಆಕೃತಿ ನಿಲ್ಲಿಸಿದರು. ನನ್ನ ಕಣ್ಣು ತಾನಾಗಿ ಎರಡನ್ನೂ ಅಳೆಯಿತು. ಅವಳು ಮಾಡಿದ ಹುಡುಗಿಯ ಬಟ್ಟೆಯಲ್ಲಿ ನಿಜವಾದ ಅಳತೆಯವರು ಇಬ್ಬರು ಹಿಡಿಯುತ್ತಿದ್ದರು.

ಮಗಳು ಕನ್ನಡಕ ತೆಗೆಯದೆ ಕೇಳಿದಳು. “ಗುಂಡಿ ಅಂದ್ರೆ ಇವಳೇ ಅಲ್ವಾ ಅಮ್ಮ? ಗುಂಡಗಿರೋಳು.”

 ನಾನು ಕರೆದದ್ದು ಅಂಗಿಯ ಗುಂಡಿ. ಅವಳು ಕೇಳಿಸಿಕೊಂಡದ್ದು ಬೇರೆ. ಇಷ್ಟು ವರ್ಷ ಮುದ್ದು ಮಾಡುತ್ತಿದ್ದೇನೆ ಎಂದುಕೊಂಡೇ ಅವಳನ್ನು ಹಾಗೆ ಕೂಗಿದ್ದೆ.

“ಒಂದು ಹೆಸರಿಂದ ಈ ಕಾಯಿಲೆ ಬರಲ್ಲ ಅಮ್ಮ,” ಎಂದರು ಮೇಡಂ. “ಕಾರಣ ಹಲವು. ನಿಮ್ಮನ್ನ ನೀವು ಬೈಕೋಬೇಡಿ.” ಅದು ತಲೆಗೆ ಅರ್ಥವಾಗಿದೆ. ಎದೆಗೆ ಇನ್ನೂ ಆಗಿಲ್ಲ. ನನ್ನ ಗಂಡ ಕಣ್ಣೊರೆಸಿಕೊಂಡರು. ಹೊರಡುವಾಗ ಮುಂದಿನ ವಾರ ಎಷ್ಟು ಗಂಟೆಗೆ ಬರಬೇಕೆಂದು ಅವರೇ ಕೇಳಿಕೊಂಡರು.

ಕನ್ನಡಕದ ಕ್ಯಾಂಟೀನಿನಲ್ಲಿ ಮೊದಲ ಸಲ ಎರಡು ನಿಮಿಷವೂ ಕೂರಲಾಗದೆ ಅದನ್ನು ಕಿತ್ತು ಕೊಟ್ಟಳು. ಹತ್ತು ವಾರ ಹೋದಳು. ಕಳೆದ ತಿಂಗಳು ಆಸ್ಪತ್ರೆಯ ನಿಜವಾದ ಕ್ಯಾಂಟೀನಿನಲ್ಲಿ ನಮ್ಮೆದುರು ಕುಳಿತು ಒಂದು ಮೊಟ್ಟೆ, ಎರಡು ತುಂಡು ಬ್ರೆಡ್ ತಿಂದಳು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅತ್ತಳು. ಅಳುತ್ತಲೇ ತಿಂದಳು. ಜೊತೆಯವರು ಮುಂದಿನ ತರಗತಿಗೆ ಹೋದರು, ಇವಳ ಒಂದು ವರ್ಷ ಹೋಯಿತು, ಉದುರಿದ ಕೂದಲು ಇನ್ನೂ ಬಂದಿಲ್ಲ. ದಾರಿ ಬಹಳ ಇದೆ.

ಹೊರಗೆ ಬಂದ ಮೇಲೆ ಕೇಳಿದೆ. “ಮೊದಲೇ ಯಾಕೆ ಹೇಳ್ಲಿಲ್ಲ ಕಂದ?”

“ತಿನ್ನು ತಿನ್ನು ಅಂತ ನೀನು ಹೇಳ್ತಿದ್ದೆ ಅಮ್ಮ. ಯಾಕೆ ತಿಂತಿಲ್ಲ ಅಂತ ಯಾರೂ ಕೇಳ್ಲಿಲ್ಲ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮಗು ಜೊತೆಯಲ್ಲಿ ಊಟಕ್ಕೆ ಕೂರುವುದನ್ನು ತಪ್ಪಿಸುತ್ತಿದ್ದರೆ, ಯಾವಾಗಲೂ ಚಳಿ ಎನ್ನುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಮುಟ್ಟು ನಿಂತಿದ್ದರೆ, ಕನ್ನಡಿಯ ಮುಂದೆ ಕಣ್ಣೀರು ಹಾಕುತ್ತಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗಂಡುಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಆ ಕನ್ನಡಕ ಇಲ್ಲದಿರಬಹುದು. ಅದಿಲ್ಲದೆಯೂ ಚಿಕಿತ್ಸೆ ಇದೆ. ಇವತ್ತು ಊಟಕ್ಕೆ ಕೂತಾಗ ತಟ್ಟೆ ನೋಡಬೇಡಿ, ಮಗುವಿನ ಮುಖ ನೋಡಿ. ಏನಾಗ್ತಿದೆ ಕಂದ ಎಂದು ಕೇಳಿ. ಅದು ಬಾಯಿಬಿಡುವ ತನಕ ಪಕ್ಕದಿಂದ ಏಳಬೇಡಿ.