ಗಡಿಯಾರ ಭಾವನ ಎಣಿಕೆ

ಹೇಳಿಬಿಟ್ಟರೆ ಏನಾದೀತು? ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡಾರು. ಇಲ್ಲವೇ ನಕ್ಕುಬಿಟ್ಟಾರು. ನಕ್ಕರೆ ಇನ್ನೂ ಕಷ್ಟ. ಹೇಳದೆ ಉಳಿದರೆ? ಹೇಗೂ ಒಂದು ದಿನ ಗೊತ್ತಾಗುವುದೇ. ಆಗ, ಎಲ್ಲ ಗೊತ್ತಿದ್ದೂ ತುಟಿಪಿಟಕ್ಕೆನ್ನಲಿಲ್ಲ ಎಂಬ ಮಾತು ಬರುತ್ತದೆ. ಆದರೆ ಇವತ್ತೇ ಯಾಕೆ? ಕಂಪೈಲರು ಇನ್ನೂ ನೆಟ್ಟಗೆ ಓಡಿಯೇ ಇಲ್ಲವಲ್ಲ. ಓಡಲಿ, ಆಮೇಲೆ ನೋಡಿದರಾಯಿತು. ಹೀಗೆ ತನಗೆ ತಾನೇ ಇನ್ನೊಂದು ವಾಯಿದೆ ಕೊಟ್ಟುಕೊಂಡು ಅವನು ಪರದೆಯ ಮೇಲಿದ್ದ ಸಾಲನ್ನು ಮತ್ತೆ ಓದಿದ.

ಆ ಸಾಲಿನ ಕೊನೆಯಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಹೆಸರಿತ್ತು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿ ಕೊಡುವುದು ಕಂಪೈಲರಿನ ಕೆಲಸ. ಆದರೆ ಯಂತ್ರ ಯಾವುದೆಂದು ಹೇಳಿದರೆ ಸಾಲದು, ಆ ಯಂತ್ರದೊಳಗೆ ಕೂತು ಯಜಮಾನಿಕೆ ಮಾಡುವ ಸಿಸ್ಟಮ್ ಯಾವುದೆಂಬುದನ್ನೂ ಮೊದಲೇ ಹೇಳಿರಬೇಕು. ಸ್ವಲ್ಪ ಹೊತ್ತು ಕಾಯಿ ಎನ್ನುವುದನ್ನು ಒಂದು ಸಿಸ್ಟಮ್ಮಿಗೆ ಒಂದು ರೀತಿ ಹೇಳಬೇಕು, ಇನ್ನೊಂದಕ್ಕೆ ಇನ್ನೊಂದು ರೀತಿ. ಇಷ್ಟು ವರ್ಷ ಆ ಜಾಗದಲ್ಲಿದ್ದದ್ದು ಭಾವನ ಸಿಸ್ಟಮ್ಮಿನ ಹೆಸರು. ಅದನ್ನು ಅಳಿಸಿ ಬೇರೆ ಹೆಸರು ಹಾಕಿದ್ದವನು ಅವನೇ.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಲಿಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿ ಮಾಡಿಕೊಟ್ಟ ಪ್ರತಿ ಲಿಫ್ಟಿನ ನೆತ್ತಿಯ ಮೇಲೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಭಾವನ ಸಿಸ್ಟಮ್. ತಲೆಗೂದಲು ಕಪ್ಪಗಿದ್ದ ಕಾಲದಲ್ಲಿ ಭಾವ ಅದನ್ನು ಒಬ್ಬರೇ ಕೂತು ಬರೆದಿದ್ದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಅಕ್ಕ ಈಗಲೂ ಅದನ್ನು ಸವತಿ ಎಂದೇ ಕರೆಯುವುದು. ಭಾವನಿಗೆ ಯಾವ ಕೆಲಸವನ್ನೂ ಎಣಿಸದೆ ಮಾಡಿ ಗೊತ್ತಿರಲಿಲ್ಲ. ನಲ್ಲಿಯಡಿ ಬಾಟಲಿ ಹಿಡಿದರೂ ಬಾಯಲ್ಲಿ ಎಣಿಕೆ, ರಸ್ತೆ ದಾಟುವುದಕ್ಕೆ ನಿಂತರೂ ಎಣಿಕೆ. ಕಾರ್ಖಾನೆಯವರು ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. ಅವನನ್ನು ಓದು ಮುಗಿದ ಕೂಡಲೇ ಕೈಹಿಡಿದು ಅಲ್ಲಿಗೆ ಕರೆತಂದವರೂ ಭಾವನೇ. ಮೊದಲ ವಾರವೇ ಅವನಿಗೂ ಒಂದು ಹೆಸರು ಬಿತ್ತು, ಮೌನಿ ಎಂದು. ಗಡಿಯಾರದ ಪಕ್ಕ ಮೌನಿ ಕೂತರೆ ಟಿಕ್ ಟಿಕ್ ಮಾತ್ರ ಕೇಳಿಸುತ್ತದೆ ಎಂದು ಫಿಟ್ಟರ್ ಎಲ್ಲರೆದುರು ನಗಾಡುತ್ತಿದ್ದ.

ಹೊಸ ಸಿಸ್ಟಮ್ಮಿನ ವಿಷಯವನ್ನು ಕಾರ್ಖಾನೆಯ ಒಡತಿ ಅವನನ್ನೊಬ್ಬನನ್ನೇ ಕೋಣೆಗೆ ಕರೆಸಿ ಹೇಳಿದ್ದರು. ತಂದೆಯ ನಂತರ ಕಾರ್ಖಾನೆಯನ್ನು ತಲೆಯ ಮೇಲೆ ಹೊತ್ತುಕೊಂಡವರು, ಮೈಯೆಲ್ಲ ದುಡಿಮೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ದೊಡ್ಡ ಕಟ್ಟಡ ಕಟ್ಟುವವರೆಲ್ಲ ಈಗ ಹೊರಗಿನವರು ಪರೀಕ್ಷಿಸಿ ಒಪ್ಪಿದ ಸಿಸ್ಟಮ್ಮೇ ಬೇಕು ಎನ್ನುತ್ತಿದ್ದಾರೆ. ಒಬ್ಬರೇ ಬರೆದ ಸಿಸ್ಟಮ್ಮಿಗೆ ಅವರ ನಂತರ ಯಾರು ಗತಿ ಎಂದು ಕೇಳಿದರೆ ತಮ್ಮಲ್ಲಿ ಉತ್ತರವಿಲ್ಲ. ಹಾಗಾಗಿ ಹೊಸದನ್ನು ಕೊಂಡದ್ದಾಗಿದೆ. ಹೊಸ ಲಿಫ್ಟುಗಳಿಗೆಲ್ಲ ಅದೇ. ಊರ ತುಂಬ ಇರುವ ಹಳೆಯ ಲಿಫ್ಟುಗಳು ರಿಪೇರಿಗೆ ಬಂದ ಹಾಗೆ ಅವುಗಳ ಪೆಟ್ಟಿಗೆಯನ್ನೂ ಬದಲಾಯಿಸಿಬಿಡುವುದು. ಭಾವನಿಗೆ ವಯಸ್ಸೂ ಆಯಿತು, ಗೌರವದಿಂದಲೇ ಕಳಿಸಿಕೊಡೋಣ. ಮನೆಯವನು ನೀನೇ ಇದ್ದೀಯಲ್ಲ, ಹೊತ್ತು ನೋಡಿ ಅವರಿಗೊಂದು ಮಾತು ಹೇಳು ಎಂದೂ ಅಂದಿದ್ದರು.

ಅವನು ಏಳುವಾಗ ಒಡತಿ ಸುಮ್ಮನೆ ಬಾಯಿಗೆ ಬಂದ ಹಾಗೆ ಕೇಳಿದರು: "ಎರಡನ್ನೂ ಇಟ್ಟುಕೊಳ್ಳೋಕೆ ಆಗಲ್ಲ, ಅಲ್ವಾ? ಹಳೇ ಲಿಫ್ಟಿಗೆ ಹಳೇದು ಇರಲಿ ಅಂತ."

ಆಗುತ್ತಿತ್ತು. ಕಂಪೈಲರಿಗೆ ಅದೊಂದು ದೊಡ್ಡ ಮಾತೇ ಅಲ್ಲ. ಒಂದರಲ್ಲೇ ಎರಡು ಟಾರ್ಗೆಟ್, ಎಂದರೆ ಎರಡು ಸಿಸ್ಟಮ್ಮಿನ ಹೆಸರು, ಇಟ್ಟು, ಬೇಕಾದಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಹಳೆಯ ಲಿಫ್ಟುಗಳು ಇರುವಷ್ಟು ದಿನ ಭಾವನೂ ಇರುತ್ತಿದ್ದರು. ಆದರೆ ಇಟ್ಟದ್ದನ್ನು ಸಾಕುವವರು ಯಾರು? ಪ್ರತಿ ತೊಂದರೆಯನ್ನೂ ಎರಡೆರಡು ಸಲ ಹುಡುಕಬೇಕು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತದೆ, ಆ ಹರಕು ಅವನ ಪಾಲಿಗೇ ಬರುತ್ತದೆ. ಆ ವರ್ಷಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಅವನಿಗೆ ಎಲ್ಲಾದರೂ ತಲೆಯಿಟ್ಟು ಮಲಗಿದರೆ ಸಾಕೆನಿಸಿತು. ಮೇಜಿನ ಗಾಜಿನ ಕೆಳಗೆ ಸಿಕ್ಕಿಕೊಂಡು ಒಣಗಿದ್ದ ಇರುವೆಯನ್ನು ನೋಡುತ್ತ ನಿಂತ.

"ನಾನೂ ಹಾಗೇ ಅಂದ್ಕೊಂಡೆ," ಎಂದು ಒಡತಿ ಫೋನು ಎತ್ತಿಕೊಂಡರು.

ಅಂದಿನಿಂದ ಅವನ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಿದರೂ ದಣಿವು ಇಳಿಯುತ್ತಿರಲಿಲ್ಲ. ಭಾವ ದಿನಕ್ಕೊಮ್ಮೆ ಅವನ ಕುರ್ಚಿಯ ಹಿಂದೆ ಬಂದು ನಿಂತು, ಹೊಸ ಕಂಪೈಲರು ಎಲ್ಲಿಗೆ ಬಂತು ಎಂದು ವಿಚಾರಿಸುವರು. ತಮ್ಮ ಸಿಸ್ಟಮ್ಮಿಗಾಗಿಯೇ ಇವನು ಹೊಸದನ್ನು ಸಜ್ಜು ಮಾಡುತ್ತಿದ್ದಾನೆಂದು ಅವರು ನಂಬಿದ್ದರು. ಅವನು ನಂಬಿಸಿರಲಿಲ್ಲ, ನಂಬಿಕೆಗೆ ಅಡ್ಡ ಬಂದಿರಲಿಲ್ಲ, ಅಷ್ಟೇ. ಬರುತ್ತಿದೆ ಭಾವ, ಎನ್ನುವನು. ಪರದೆಯ ಮೇಲೆ ಆ ಸಾಲಿದ್ದರೆ ಮೆಲ್ಲಗೆ ಕೆಳಕ್ಕೆ ಜರುಗಿಸುವನು.

ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಆ ಭಾನುವಾರ ಅಕ್ಕ ಬಡಿಸುತ್ತ ಗಂಡನ ದೂರು ಹೇಳಿದಳು. ಹೊಸ ಕಂಪೈಲರು ಬಂದರೆ ಸವತಿಗೆ ಹೊಸ ಸೀರೆ ಉಡಿಸುತ್ತೇನೆಂದು ಕುಣಿಯುತ್ತಿದ್ದಾರಂತೆ, ಮನೆಯ ಗೋಡೆಗೆ ಸುಣ್ಣ ಹೊಡೆಸಿ ಎಂದರೆ ಮಾತ್ರ ಕಿವಿ ಕೇಳುವುದಿಲ್ಲವಂತೆ. ಅಡುಗೆಮನೆಯಲ್ಲಿ ಭಾವ ನೀರು ತುಂಬಿಸುತ್ತ ಎಣಿಸುವುದು ಕೇಳುತ್ತಿತ್ತು. ಅವನು ಅರ್ಧಕ್ಕೇ ಕೈ ನಿಲ್ಲಿಸಿದ್ದನ್ನು ಅಕ್ಕ ಕಂಡಳು.

"ಏನಾಗಿದ್ಯೋ ನಿನಗೆ? ಮುಖ ಬಿಳಿಚಿಕೊಂಡಿದೆ."

"ಏನಿಲ್ಲ ಅಕ್ಕ. ಸುಸ್ತು."

"ನೀನು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದೋನು. ಚಿಕ್ಕವನಿದ್ದಾಗ ಜ್ವರ ಬಂದ್ರೂ ಹೇಳ್ತಿರಲಿಲ್ಲ, ನಾನೇ ಮುಟ್ಟಿ ನೋಡ್ಬೇಕಿತ್ತು." ಹಾಗೆಂದು ಎಡಗೈಯ ಹಿಂಬದಿಯನ್ನು ಅವನ ಹಣೆಗೆ ಒತ್ತಿ ನೋಡಿದಳು. ಹಣೆ ತಣ್ಣಗಿತ್ತು. ಅವಳು ಸಮಾಧಾನದಿಂದ ಇನ್ನೊಂದು ಸೌಟು ಬಡಿಸಿದಳು.

ಭಾವ ಹಳೆಯ ಲಿಫ್ಟೊಂದರ ರಿಪೇರಿಗೆ ಊರಾಚೆ ಹೋಗಲಿದ್ದ ದಿನವನ್ನೇ ನೋಡಿ ಅವನು ಪರೀಕ್ಷೆ ಇಟ್ಟುಕೊಂಡ. ಕಾರ್ಖಾನೆಯ ಮೂಲೆಯಲ್ಲಿ ಒಂದು ಗೋಪುರವಿತ್ತು. ಸುತ್ತ ಮನೆಯಿಲ್ಲ, ಮಹಡಿಯಿಲ್ಲ, ಬರೀ ಲಿಫ್ಟು. ಅದರಲ್ಲಿ ಜನರ ಬದಲು ಮರಳಿನ ಮೂಟೆಗಳು ಹತ್ತಿ ಇಳಿಯುತ್ತಿದ್ದವು. ಇಷ್ಟು ಒಳ್ಳೆಯ ಪ್ರಯಾಣಿಕರು ಪುಣ್ಯ ಮಾಡಿದವರಿಗೇ ಸಿಗುವುದು, ಬರಲಿಲ್ಲ ಎಂದು ಗುಂಡಿಯನ್ನು ಗುದ್ದುವುದಿಲ್ಲ, ಒಳಗೆ ಉಗಿಯುವುದಿಲ್ಲ ಎನ್ನುತ್ತ ಫಿಟ್ಟರ್ ಮೂಟೆಗಳನ್ನು ಒಳಗೆ ಜೋಡಿಸಿದ. ಹೊಸ ಪೆಟ್ಟಿಗೆಗೆ ಪ್ರೋಗ್ರಾಮು ಹಾಕಿದ್ದಾಯಿತು. ಲಿಫ್ಟು ಸರಾಗವಾಗಿ ಮೇಲೆ ಹೋಯಿತು, ಕೆಳಗೆ ಬಂತು. ಬಾಗಿಲಿನ ಕಡೆ ಯಾರೂ ಗಮನ ಕೊಡಲಿಲ್ಲ. ಅವನಿಗೆ ಸಂತೋಷವೇನೂ ಆಗಲಿಲ್ಲ. ಮುಗಿಯಿತಲ್ಲ ಎನಿಸಿತು.

ಆಗಲೇ ಭಾವ ಬಾಗಿಲಲ್ಲಿ ಕಾಣಿಸಿಕೊಂಡರು. ಆ ಕಟ್ಟಡದಲ್ಲಿ ಕರೆಂಟೇ ಇಲ್ಲದೆ ವಾಪಸು ಬಂದಿದ್ದರು. ಓಹೋ, ಓಡಿತೇನಯ್ಯಾ ಮೌನಿ, ನನಗೊಂದು ಮಾತು ಹೇಳಬಾರದೇ ಎನ್ನುತ್ತ ನೇರ ಬಂದು ಗುಂಡಿ ಒತ್ತಿದರು. ಬಾಗಿಲು ತೆರೆಯಿತು. ಭಾವ ಎಂದಿನಂತೆ ಒಂದು ಎಂದು ಬಾಯಿ ತೆರೆಯುತ್ತ ಒಳಗೆ ಕಾಲಿಟ್ಟರು. ಬಾಗಿಲು ಬಂದು ಅವರ ಹೆಗಲಿಗೆ ತಗಲಿತು, ತಗಲಿ ಹಿಂದೆ ಸರಿಯಿತು, ಮತ್ತೆ ಬಂದು ತಗಲಿತು.

ಫಿಟ್ಟರ್ ಓಡಿ ಹೋಗಿ ಬಾಗಿಲನ್ನು ಅಡ್ಡ ಹಿಡಿದ. ಪೆಟ್ಟೇನೂ ಆಗಿರಲಿಲ್ಲ. ಭಾವ ಹೊರಗೆ ಬಂದು ಹೆಗಲು ನೀವಿಕೊಳ್ಳುತ್ತ ಮತ್ತೆ ಗುಂಡಿ ಒತ್ತಿದರು. ಬಾಗಿಲು ತೆರೆಯಿತು, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿತು. ಇನ್ನೊಮ್ಮೆ ಒತ್ತಿದರು. ಮತ್ತೂ ಒಮ್ಮೆ. ಈಗ ಅವರು ಎಣಿಸುತ್ತಿರಲಿಲ್ಲ. ಅವರು ಎಣಿಸದೆ ನಿಂತದ್ದನ್ನು ಅವನು ಅಂದೇ ಮೊದಲು ನೋಡಿದ್ದು.

ಭಾವ ಹೊರಗುಳಿದಿದ್ದ ಒಂದು ಮೂಟೆಯ ಮೇಲೆ ಕೂತರು. ಕನ್ನಡಕ ತೆಗೆದು ಒರೆಸಿಕೊಳ್ಳಲಿಲ್ಲ, ನಗಲೂ ಇಲ್ಲ. ಫಿಟ್ಟರನಿಗೆ ಹೋಗಿ ಟೀ ಕುಡಿದು ಬಾ ಎಂದರು. ಫಿಟ್ಟರ್ ಹೋದ ಮೇಲೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದರು.

"ಬಾಗಿಲು ನಿಲ್ಲಬೇಕಾದ ಹೊತ್ತಲ್ಲಿ ಹತ್ತರಲ್ಲೊಂದು ಪಾಲು ನಿಲ್ತಾ ಇದೆ. ನನ್ನ ಸಿಸ್ಟಮ್ಮು ಸೆಕೆಂಡನ್ನ ನೂರು ಚೂರು ಮಾಡುತ್ತೆ. ಸಾವಿರ ಚೂರು ಮಾಡೋದು ಈಗ ಎಲ್ಲರೂ ಕೊಳ್ಳೋ ಆ ಹೊಸದು. ಈ ಪೆಟ್ಟಿಗೇಲಿರೋದು ಅದೇ. ಎಣಿಕೆ ನಂದೇ ಉಳಿದಿದೆ, ಎಣಿಸೋರು ಮಾತ್ರ ಬೇರೆ." ಸ್ವಲ್ಪ ತಡೆದು, "ನನ್ನ ಹೆಡರ್ ಫೈಲುಗಳನ್ನ ತೆಗೆದಿಲ್ಲ ನೀನು," ಎಂದರು.

ಅವನಿಗೆ ಆಗ ಹೊಳೆಯಿತು. ಒಂದು ಸೆಕೆಂಡಿಗೆ ಎಷ್ಟು ಚೂರು ಎಂಬಂಥ ವಿವರಗಳೆಲ್ಲ ಇರುವುದು ಆ ಫೈಲುಗಳಲ್ಲಿ. ಬೇರೆ ಕಡೆಯಾದರೆ ಅವನ್ನು ಪ್ರತ್ಯೇಕವಾಗಿ ಇಟ್ಟು, ಎಲ್ಲಿವೆ ಎಂದು ಕಂಪೈಲರಿಗೆ ಪ್ರತಿ ಸಲ ತೋರಿಸುತ್ತಾರೆ. ಈ ಕಾರ್ಖಾನೆಯಲ್ಲಿ ಹಾಗಿರಲಿಲ್ಲ. ಇರುವುದೊಂದೇ ಸಿಸ್ಟಮ್ಮು, ಅದೂ ಮನೆಯದು. ಅದಕ್ಕೆಂಥ ಶಿಷ್ಟಾಚಾರ ಎಂದು ಫೈಲುಗಳನ್ನು ಕಂಪೈಲರಿನ ಹೊಟ್ಟೆಯೊಳಗೇ ಇಟ್ಟುಬಿಟ್ಟಿದ್ದರು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಾಪ, ಫೈಲು ಎಲ್ಲಿದೆ ಎಂಬ ದಾರಿ ಬರೆದು ಬರೆದು ಕೈ ಸೋಲುತ್ತದೆ ಎಂದು ಭಾವನೇ ಹಾಗೆ ಮಾಡಿಕೊಟ್ಟದ್ದು. ಹೊಸ ಕಂಪೈಲರನ್ನು ಸಜ್ಜು ಮಾಡುವಾಗ ಅವನು ಅಭ್ಯಾಸಬಲದಿಂದ ಆ ಫೋಲ್ಡರನ್ನು ಇಡಿಯಾಗಿ ಎತ್ತಿ ತಂದಿದ್ದ. ಟಾರ್ಗೆಟ್ಟಿನ ಹೆಸರು ಬದಲಾಗಿತ್ತು, ಹೊಟ್ಟೆಯಲ್ಲಿದ್ದದ್ದು ಬದಲಾಗಿರಲಿಲ್ಲ.

ಅವನು ಅಲ್ಲೇ ಕೂತು ಆ ಫೈಲುಗಳನ್ನು ತೆಗೆದುಹಾಕಿ ಹೊಸ ಸಿಸ್ಟಮ್ಮಿನವನ್ನು ಇಟ್ಟು ಪ್ರೋಗ್ರಾಮನ್ನು ಮತ್ತೆ ಕಟ್ಟಿದ. ಭಾವ ಮೂಟೆಯಿಂದ ಏಳದೆ ಅವನ ಬೆರಳುಗಳನ್ನೇ ನೋಡುತ್ತಿದ್ದರು. ಗುಂಡಿ ಒತ್ತಿದಾಗ ಬಾಗಿಲು ತೆರೆದು, ಯಾರೋ ಮುದುಕರು ಸಾವಕಾಶ ಒಳಗೆ ಬರುತ್ತಿದ್ದಾರೆ ಎಂಬಂತೆ ನಿಂತಿತು. ಈ ಸಲ ಭಾವ ಎಣಿಸಿದರು, ಬಾಗಿಲು ಮುಚ್ಚುವ ತನಕ ಎಣಿಸಿದರು.

"ಸರಿಯಾಯ್ತು," ಎಂದರು.

ಗೋಪುರದ ತುದಿಯಲ್ಲಿ ಮೋಟಾರು ತಣ್ಣಗಾಗುತ್ತ ಅಷ್ಟಿಷ್ಟು ಸದ್ದು ಮಾಡುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಮರಳಿನ ದೂಳು ಏಳುತ್ತಿತ್ತು.

"ಮೇಡಂ ಹೇಳಿದ್ದಾ?"

ಅವನು ಹೌದೆಂದು ತಲೆಯಾಡಿಸಿದ.

"ಎಷ್ಟು ದಿನದಿಂದ ಒಳಗೇ ಇಟ್ಕೊಂಡು ಒದ್ದಾಡ್ತಿದ್ದೀಯೋ ಮಾರಾಯ. ನಿಮ್ಮಕ್ಕ ಹಣೆ ಮುಟ್ಟಿ ನೋಡಿದ್ದು ಅದಕ್ಕೇನಾ?" ಭಾವ ಕೈಗಂಟಿದ ಮರಳು ಕೊಡವಿಕೊಂಡರು. ಆಮೇಲೆ ಅವನ ಕಡೆ ನೋಡದೆ, "ಒಂದು ಕೇಳ್ತೀನಿ. ಕಂಪೈಲರ್ ವಿಷಯದಲ್ಲಿ ನಾನು ಹೆಬ್ಬೆಟ್ಟು, ಆ ಫೈಲುಗಳನ್ನ ಒಳಗಿಟ್ಟದ್ದು ಬಿಟ್ರೆ ಉಳಿದದ್ದನ್ನೆಲ್ಲ ನಿನಗೇ ಬಿಟ್ಟಿದ್ದೀನಿ. ಎರಡನ್ನೂ ಇಟ್ಕೊಳ್ಳೋಕೆ ಆಗ್ತಿರಲಿಲ್ವಾ? ಹಳೇ ಲಿಫ್ಟುಗಳ ಮಟ್ಟಿಗಾದ್ರೂ. ನಾನೂ ಇನ್ನಷ್ಟು ದಿನ ಬಂದು ಹೋಗ್ತಿದ್ದೆ," ಎಂದರು.

ಹೇಳಿಬಿಡಲೇ ಎನಿಸಿತು. ಮೇಡಂ ಹತ್ತಿರ ಹೋಗುವುದಕ್ಕೆ ಇನ್ನೂ ಹೊತ್ತು ಮೀರಿರಲಿಲ್ಲ, ಆಗುತ್ತದೆ ಎಂಬ ಒಂದು ಮಾತು ಸಾಕಿತ್ತು. ಅದರ ಬೆನ್ನಿಗೇ ಆ ವರ್ಷಗಳು ಮತ್ತೆ ಬಂದು ಸಾಲಾಗಿ ನಿಂತವು, ಎರಡೆರಡು ಸಲ ಹುಡುಕುವ ತಪ್ಪುಗಳು, ತೇಪೆಗಳು, ಉರಿಯುವ ಕಣ್ಣು. ಅವನು ಕೇಬಲ್ಲನ್ನು ಕೈಗೆ ಸುತ್ತಿಕೊಳ್ಳತೊಡಗಿದ. ಸುತ್ತಿ ಮುಗಿಸಿ, ಬಿಚ್ಚಿ, ಮತ್ತೆ ಸುತ್ತಿದ.

ಭಾವ ಕಾದರು. ಎಣಿಸುತ್ತಿದ್ದರೋ ಏನೋ, ತುಟಿ ಅಲುಗಲಿಲ್ಲ.

"ಬಿಡು," ಎಂದರು ಕೊನೆಗೆ, ಮೊಣಕಾಲಿನ ಮೇಲೆ ಕೈಯೂರಿ ಏಳುತ್ತ. "ಆಗೋ ಹಾಗಿದ್ದಿದ್ರೆ ನೀನು ಸುಮ್ಮನಿರ್ತಿದ್ದೆಯಾ?"

ಆ ತಿಂಗಳೇ ಭಾವ ಕೆಲಸ ಬಿಟ್ಟರು. ಒಡತಿ ಹೇಳಿದಂತೆ ಗೌರವದಿಂದಲೇ ಕಳಿಸಿಕೊಟ್ಟರು, ಫಿಟ್ಟರ್ ಅವರಿಗೆ ನಿಜವಾದ ಗೋಡೆ ಗಡಿಯಾರವೊಂದನ್ನು ತಂದುಕೊಟ್ಟು ಎಲ್ಲರನ್ನೂ ನಗಿಸಿದ. ಅಕ್ಕನ ಮನೆಯ ಗೋಡೆಗೆ ಸುಣ್ಣವಾಯಿತು, ಗಡಿಯಾರ ಆ ಗೋಡೆಯಲ್ಲೇ ಇದೆ. ಹಳೆಯ ಲಿಫ್ಟುಗಳ ಪೆಟ್ಟಿಗೆಗಳು ಒಂದೊಂದಾಗಿ ಬಂದು ಗೋಪುರದ ಹಿಂದೆ ರಾಶಿ ಬಿದ್ದಿವೆ. ಭಾನುವಾರ ಅವನು ಊಟಕ್ಕೆ ಹೋಗುತ್ತಾನೆ. ಭಾವ ಅವನೆದುರು ಕೂತು, ನನ್ನ ಸಿಸ್ಟಮ್ಮನ್ನು ಉಳಿಸುವುದಕ್ಕೆ ಇವನು ಪಟ್ಟ ಪಾಡು ನನಗೆ ಗೊತ್ತು ಎಂದು ಅಕ್ಕನಿಗೆ ಹೇಳುತ್ತಾರೆ. ಅಕ್ಕ ಇನ್ನೊಂದು ಸೌಟು ಬಡಿಸುತ್ತಾಳೆ. ಅವನು ತಲೆ ತಗ್ಗಿಸಿ ಉಣ್ಣುತ್ತಾನೆ.

ಎರಡನ್ನೂ ಇಟ್ಟುಕೊಳ್ಳಬಹುದಿತ್ತು ಎಂದು ಅವನು ಯಾರಿಗೂ ಹೇಳಲೇ ಇಲ್ಲ.