ಆರುನೂರ ಎಂಬತ್ತೆಂಟನೆಯ ಸಾಲು

ಆ ಮೆಥಡ್ಡಿನ ಉದ್ದ ಸಾವಿರದ ಮುನ್ನೂರ ಹನ್ನೆರಡು ಸಾಲು. ಬರೆದವರು ಅವಳ ಅತ್ತೆ.

ಆಸ್ಪತ್ರೆಯವರು ರೋಗಿಗಳ ಕೈಗೆ ಕೊಡುವ ಚೀಟಿಯ ಮೇಲೆ ಮತ್ತೆ ಯಾವಾಗ ಬರಬೇಕು ಎಂಬ ದಿನಾಂಕವಿರುತ್ತದಲ್ಲ, ಅದನ್ನು ಮುದ್ರಿಸುವ ಪ್ರೋಗ್ರಾಮು ಆ ಆಫೀಸಿನದು. ದಿನಾಂಕ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ಪರೀಕ್ಷೆಯ ಕೋಡನ್ನು ಅತ್ತೆ ಹನ್ನೊಂದು ವರ್ಷ ಒಬ್ಬರೇ, ಒಂದೇ ಮೆಥಡ್ಡಾಗಿ, ಎಂದರೆ ಒಂದೇ ಉದ್ದ ತುಂಡಾಗಿ, ಬರೆದಿದ್ದರು. ಎರಡು ವರ್ಷದ ಹಿಂದೆ ಅವರು ನಿವೃತ್ತರಾದ ಮೇಲೆ ಅದೇ ಕುರ್ಚಿಗೆ ಸೊಸೆ ಬಂದಳು. ಕುರ್ಚಿಯ ಎತ್ತರವನ್ನು ಸಹ ಬದಲಿಸಿಕೊಂಡಿರಲಿಲ್ಲ.

ಅಕ್ಟೋಬರಿನಲ್ಲಿ ಮುಖ್ಯಸ್ಥರು ಒಂದು ನಿಯಮ ತಂದರು. ಇನ್ನು ಮುಂದೆ ಯಾವ ಮೆಥಡ್ಡೂ ಮೂವತ್ತು ಸಾಲು ಮೀರಕೂಡದು. ಎಲ್ಲರೂ ತಿರುಗಿ ಅವಳ ಕಡೆ ನೋಡಿದರು. ಅನುಮಾನ ಬಂದರೆ ಬರೆದವರು ಮನೆಯಲ್ಲೇ ಇದ್ದಾರಲ್ಲ, ಕೇಳಿಕೊಳ್ಳಿ ಎಂದು ಮುಖ್ಯಸ್ಥರು ಕೈ ತೊಳೆದುಕೊಂಡರು.

ಏನೇ ಆದರೂ ಕೇಳುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿದಳು. ಮದುವೆಯಾಗಿ ಐದು ವರ್ಷವಾಗಿತ್ತು. ಆ ಮನೆಯಲ್ಲಿ ಜರಡಿ ಎಲ್ಲಿ, ಬ್ಯಾಟರಿ ಎಲ್ಲಿ, ದೊಡ್ಡ ಪಾತ್ರೆಯ ಮುಚ್ಚಳ ಎಲ್ಲಿ ಎಂದು ಕೇಳುವುದರಲ್ಲೇ ಐದೂ ವರ್ಷ ಕಳೆದಿದ್ದವು. ಅಡುಗೆಮನೆಯ ಡಬ್ಬಗಳಿಗೆ ಒಂದು ಕ್ರಮವಿತ್ತು. ಅದು ಯಾಕೆ ಹಾಗಿದೆ ಎಂದು ಅತ್ತೆ ಹೇಳಿದವರಲ್ಲ, ಬದಲಿಸಿದರೆ ಮಾತ್ರ ತಕ್ಷಣ ಗೊತ್ತಾಗುತ್ತಿತ್ತು. ಒಂದೇ ಒಂದು ಕೆಲಸವನ್ನಾದರೂ ಅತ್ತೆಯನ್ನು ಕೇಳದೆ ಮುಗಿಸಬೇಕು ಎಂಬುದು ಅವಳ ಆಸೆ. ದೊಡ್ಡ ಆಸೆಯೇನಲ್ಲ.

ವಿಷಯ ಅತ್ತೆಯ ಕಿವಿಗೂ ಬಿದ್ದಿತ್ತು. ಆಫೀಸಿನಲ್ಲಿ ಅವರಿಗೆ ಇನ್ನೂ ಗೆಳತಿಯರಿದ್ದರು. ಆದರೆ ಅತ್ತೆಯೂ ತುಟಿ ಪಿಟಕ್ಕೆನ್ನಲಿಲ್ಲ. ಮೂರು ವಾರ ಇಬ್ಬರೂ ಊಟದ ಮೇಜಿನಲ್ಲಿ ಹವಾಮಾನದ ಬಗ್ಗೆ ಎಷ್ಟು ಮಾತಾಡಿದರೆಂದರೆ ಮಗರಾಯನಿಗೆ, ಎಂದರೆ ಅವಳ ಗಂಡನಿಗೆ, ಏನೋ ಎಡವಟ್ಟಾಗಿದೆ ಎಂದು ಭಯವಾಯಿತು.

ಮೆಥಡ್ಡು ಹನುಮಂತನ ಬಾಲವೇ ಸರಿ. ಅದರಲ್ಲಿ ನಾನೂರ ಮೂರು ದಿನಾಂಕಗಳಿದ್ದವು. ಅವುಗಳ ಹೆಸರು ದಿನ ಒಂದು, ದಿನ ಎರಡು ಎಂದು ಶುರುವಾಗಿ ದಿನ ನಾನೂರ ಮೂರರವರೆಗೆ. ನಡುವೆ ಒಂದು ಕಡೆ 'ಇಲ್ಲಿಂದ ಕೆಳಗೆ ಕ್ರಮ ಬದಲಿಸಬೇಡಿ' ಎಂಬ ಟಿಪ್ಪಣಿ. ಯಾಕೆ ಎಂದು ಇರಲಿಲ್ಲ. ಇದು ಡಬ್ಬಗಳ ಸಾಲೇ ಎಂದು ಅವಳು ಗುರುತು ಹಿಡಿದಳು.

ಅವಳು ಕತ್ತರಿಸಿದಳು. ಕೊನೆಯದೊಂದನ್ನು ಬಿಟ್ಟು ಒಂದೊಂದು ತುಂಡಿಗೂ ಅದು ಏನನ್ನು ಪರೀಕ್ಷಿಸುತ್ತದೋ ಅದನ್ನೇ ಹೆಸರಾಗಿಟ್ಟಳು. ಒಟ್ಟು ನಲವತ್ತಾರು ಪುಟ್ಟ ಪರೀಕ್ಷೆಗಳಾದವು. ಒಂದು ಇನ್ನೊಂದರ ಹಂಗಿಲ್ಲದೆ ಓಡುವಂಥವು. ಗುರುವಾರ ಮಧ್ಯಾಹ್ನ ಎಲ್ಲವನ್ನೂ ಓಡಿಸಿದಳು. ಇಪ್ಪತ್ತೇಳು ಪಾಸಾಗಿ ಹಸಿರಾದವು. ಹತ್ತೊಂಬತ್ತು ಫೇಲಾಗಿ ಕೆಂಪಾದವು.

ಹಳೆಯ ಮೆಥಡ್ಡಿನಲ್ಲಿ ಇವೇ ದಿನಾಂಕಗಳು ಪ್ರತಿದಿನ ಹಸಿರಾಗಿದ್ದವು. ಅವಳು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಮೇಲಕ್ಕೆ ಹೋದಳು. ಆರುನೂರ ಎಂಬತ್ತೆಂಟನೆಯ ಸಾಲಿನಲ್ಲಿ ಸಿಕ್ಕಿತು. ಹಿಂದೊಮ್ಮೆ ಬೇರೆ ದೇಶದ ಆಸ್ಪತ್ರೆಯೊಂದಕ್ಕಾಗಿ ಅತ್ತೆ ಅಲ್ಲಿ ಆ ದೇಶದ ದಿನಾಂಕದ ಪದ್ಧತಿಗೆ ಬದಲಿಸಿ, ಒಂದು ದಿನಾಂಕವನ್ನು ಪರೀಕ್ಷಿಸಿ, ಮತ್ತೆ ನಮ್ಮ ಪದ್ಧತಿಗೆ ಮರಳಿಸುವುದನ್ನು ಮರೆತಿದ್ದರು. ಅದರ ಕೆಳಗಿನ ಆರುನೂರು ಚಿಲ್ಲರೆ ಸಾಲು ವರ್ಷಗಟ್ಟಲೆ ಪರದೇಶದಲ್ಲೇ ಓಡುತ್ತಿತ್ತು. ಕ್ರಮ ಬದಲಿಸಿದಾಗ ಕೆಡುವುದನ್ನು ಕಂಡ ಅತ್ತೆ ಕಾರಣ ಹುಡುಕದೆ ಟಿಪ್ಪಣಿ ಬರೆದು ಮುಂದೆ ಹೋಗಿದ್ದರು.

ಅವಳಿಗೆ ಮೊದಲು ಖುಷಿಯಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಖುಷಿಯಾಯಿತು. ಎದ್ದು ಹೋಗಿ ಒಂದು ಕಾಫಿ ತಂದು ಕುಡಿದಳು.

ಹದಿನೆಂಟು ಕೆಂಪುಗಳಲ್ಲಿ ಹುರುಳಿರಲಿಲ್ಲ. ತಿಂಗಳು ಮೊದಲೋ ದಿನ ಮೊದಲೋ ಎಂಬಂಥ ವ್ಯತ್ಯಾಸ. ಅವು ಸಂಜೆಯೊಳಗೆ ಸರಿಹೋದವು. ಕೊನೆಯದು, ದಿನ ನಾನೂರ ಮೂರು, ಹೋಗಲಿಲ್ಲ. ಅದು ನಾಲ್ಕು ವರ್ಷದ ಹಿಂದಿನ ಡಿಸೆಂಬರ್ ಇಪ್ಪತ್ತೆಂಟು. ನಮ್ಮ ಪದ್ಧತಿಯಲ್ಲಿ ಓಡಿಸಿದರೆ ತಿಂಗಳು ಸರಿ, ದಿನ ಸರಿ, ವರ್ಷ ಮಾತ್ರ ಒಂದು ಹೆಚ್ಚು ಬರುತ್ತಿತ್ತು. ತಪ್ಪು ಪರೀಕ್ಷೆಯದಲ್ಲ, ಪ್ರೋಗ್ರಾಮಿನದೇ. ಅದು ವರ್ಷವನ್ನು ದಿನದಿಂದ ತೆಗೆಯುವ ಬದಲು ವಾರದಿಂದ ತೆಗೆಯುತ್ತಿತ್ತು. ನಮ್ಮಲ್ಲಿ ಜನವರಿ ಒಂದು ಬೀಳುವ ವಾರವಿಡೀ ಹೊಸ ವರ್ಷದ ಲೆಕ್ಕ. ಆ ಇನ್ನೊಂದು ದೇಶದಲ್ಲಿ ಹಾಗಲ್ಲ, ಆದ್ದರಿಂದ ಅಲ್ಲಿ ತಪ್ಪು ಕಾಣಿಸಿರಲಿಲ್ಲ. ವರ್ಷದ ಕೊನೆಯ ನಾಲ್ಕು ದಿನಕ್ಕೆ ಚೀಟಿ ಬರೆಸುವವರು ಕಡಿಮೆ. ಕಂಡವರು ಪೆನ್ನಿನಲ್ಲಿ ತಿದ್ದಿಕೊಂಡು ಸುಮ್ಮನಾಗಿರಬೇಕು.

ಆ ದಿನಾಂಕವನ್ನು ಅತ್ತೆ ಟೈಪು ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳ ಖುಷಿ ಜರ್ರನೆ ಇಳಿಯಿತು.

ಮಾವ ನಿವೃತ್ತ ಬಡಗಿ. ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಕಣ್ಣಿನ ಡಾಕ್ಟರು ವರ್ಷದ ಕೊನೆಗೆ ಬನ್ನಿ, ಲೇಸರ್ ಮಾಡೋಣ ಎಂದು ಇದೇ ಪ್ರೋಗ್ರಾಮು ಮುದ್ರಿಸಿದ ಚೀಟಿ ಕೊಡಿಸಿದ್ದರು. ಮಾವ ಹೋಗಲಿಲ್ಲ. ಮರುವರ್ಷ ಜುಲೈಯಲ್ಲಿ ಬಲಗಣ್ಣು ಮಂಜಾದಾಗ ಹೋದರು. ಡಾಕ್ಟರು ಕಂಪ್ಯೂಟರು ನೋಡಿ, ಡಿಸೆಂಬರಿಗೇ ಬರಬೇಕಿತ್ತು, ಈಗ ಬಲಗಣ್ಣಿಗೆ ಏನೂ ಮಾಡಲಾಗದು ಎಂದರು. ಅಂದು ಸಂಜೆ ಊಟದ ಮೇಜಿನಲ್ಲಿ ಮಾವ, ಚೀಟಿಯಲ್ಲಿ ಈ ವರ್ಷದ ಡಿಸೆಂಬರ್ ಎಂದಿದೆ, ತರುತ್ತೇನೆ ಎಂದು ಎದ್ದರು. ಅತ್ತೆ ಬೇಡವೆಂದು ಕೂರಿಸಿದರು. ಎಲ್ಲರ ಎದುರು ಲ್ಯಾಪ್‌ಟಾಪು ತೆರೆದು, ಮೆಥಡ್ಡಿನ ಕೊನೆಗೆ ಆ ದಿನಾಂಕ ಸೇರಿಸಿ, ಓಡಿಸಿದರು. ಹಸಿರು ಬಂತು. ನಾನು ಪರೀಕ್ಷಿಸಿದ ಪ್ರೋಗ್ರಾಮು ವರ್ಷ ತಪ್ಪುವುದಿಲ್ಲ, ಮರೆತದ್ದನ್ನು ಮರೆತೆ ಎನ್ನಿ ಎಂದರು. ಮಾವ ಮತ್ತೆ ಆ ಮಾತು ಎತ್ತಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಕೀಲಿ ಕಳೆದರೂ ಹಾಲು ಉಕ್ಕಿದರೂ ಮಾವನ ಮರೆವಿನ ಮೇಲೆಯೇ ಬರುತ್ತಿತ್ತು. ಅವಳೂ ಎರಡು ಸಲ ಹಾಗೆ ಹೇಳಿ ನಕ್ಕಿದ್ದಳು.

ಪ್ರೋಗ್ರಾಮನ್ನು ಸರಿಪಡಿಸಲು ನಾಲ್ಕು ಅಕ್ಷರ ಬದಲಿಸಿದರೆ ಸಾಕಿತ್ತು. ಬದಲಿಸಿದಳು. ನಲವತ್ತಾರೂ ಹಸಿರಾದವು. ಈ ಡಿಸೆಂಬರಿಗೆ ಯಾರ ಚೀಟಿಯೂ ತಪ್ಪುವುದಿಲ್ಲ. ಅತ್ತೆಯನ್ನು ಒಂದು ಮಾತೂ ಕೇಳದೆ ಕೆಲಸ ಮುಗಿದಿತ್ತು, ಆಸೆ ಪಟ್ಟ ಹಾಗೆಯೇ. ಸುಮ್ಮನಿದ್ದುಬಿಟ್ಟರೆ ಹೇಳುವವರು ಯಾರೂ ಇರಲಿಲ್ಲ.

ಮನೆಗೆ ಬಂದಾಗ ಮಾವ ಕಿಟಕಿಯ ಹತ್ತಿರ ಪೇಪರನ್ನು ಎಡಗಣ್ಣಿಗೆ ಹಿಡಿದು ಓದುತ್ತಿದ್ದರು. ಅತ್ತೆ ಒಲೆಯ ಮುಂದಿದ್ದರು. ಅವಳು ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ಒಂದು ಕೇಳ್ಬೇಕಿತ್ತು."

"ಮೂರು ವಾರದಿಂದ ಕಾಯ್ತಿದೀನಿ," ಎಂದರು ಅತ್ತೆ. ದನಿಯಲ್ಲಿ ಗೆಲುವಿತ್ತು. "ಕೇಳು."

"ಆರುನೂರ ಎಂಬತ್ತೆಂಟನೇ ಸಾಲಲ್ಲಿ ಆ ದೇಶದ ಪದ್ಧತಿಗೆ ಬದಲಿಸಿದ್ರಲ್ಲ. ಮತ್ತೆ ನಮ್ಮದಕ್ಕೆ ತಂದಿದ್ರಾ?"

ತಂದಿದ್ದೇನೆ ಎನ್ನಲು ಅತ್ತೆ ಬಾಯಿ ತೆರೆದರು. ಹನ್ನೊಂದು ವರ್ಷ ಬರೆದವರು, ಸಾಲುಗಳು ಕಣ್ಣ ಮುಂದೆಯೇ ಇದ್ದವು. ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು ಎಂದು ಕೆಳಕ್ಕೆ ಇಳಿಯುತ್ತಾ ಹೋದರು. ಕೊನೆಯ ಸಾಲಿಗೆ, ದಿನ ನಾನೂರ ಮೂರಕ್ಕೆ, ಬಂದಾಗ ಅವರ ಮುಖ ಬಿಳಿಚಿತು. ಒಲೆ ಆರಿಸಿ, ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ಹೋಗಿ ನಿಂತರು.

"ರೀ, ಆ ಚೀಟಿ ಎಲ್ಲಿದೆ?"

ಯಾವ ಚೀಟಿ ಎಂದು ಮಾವ ಕೇಳಲಿಲ್ಲ. ಹುಡುಕಲೂ ಇಲ್ಲ. ಕನ್ನಡಕದ ಡಬ್ಬ ತೆರೆದು, ಒರೆಸುವ ಬಟ್ಟೆಯ ಅಡಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟರು. ಅತ್ತೆ ಅದನ್ನು ಮೊದಲ ಬಾರಿಗೆ ಓದಿದರು.

"ವರ್ಷ ಒಂದು ಹೆಚ್ಚಾಗಿದೆ," ಎಂದರು.

"ಹೂಂ."

"ಇಷ್ಟು ದೂರದ ದಿನಾಂಕ ಯಾಕೆ ಅಂತ ಆಸ್ಪತ್ರೆಲಿ ಒಂದು ಮಾತು ಕೇಳ್ಬಾರ್ದಿತ್ತಾ?"

ಮಾವ ಪೇಪರನ್ನು ಮಡಿಚಿದರು. "ನೀನು ಪರೀಕ್ಷೆ ಮಾಡಿದ ದಿನಾಂಕ. ಅದನ್ನ ಬೇರೆಯವರ ಹತ್ರ ಯಾಕೆ ಕೇಳ್ಲಿ?"

ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಅವರಿಗೆ ಅಳು ಬಂತು, ಅಳಲು ಬರದವರಿಗೆ ಬರುವಂತೆ, ಮುಖ ಗಂಟಿಕ್ಕಿಕೊಂಡು. ಮಾವ ಏನು ಮಾಡಬೇಕೆಂದು ತಿಳಿಯದೆ ಕನ್ನಡಕದ ಬಟ್ಟೆಯನ್ನು ಅವರ ಕೈಗೆ ಕೊಟ್ಟರು. ಸೊಸೆ ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತಿದ್ದಳು. ಮಾವ ಮರೆತರು ಎಂದು ತಾನು ನಕ್ಕಿದ್ದ ಎರಡು ಸಲವೂ ಅವಳಿಗೆ ನೆನಪಾಗಿ ನಾಚಿಕೆಯಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೂಗು ಒರೆಸಿಕೊಂಡು ಅವಳತ್ತ ತಿರುಗಿದರು.

"ಡಿಸೆಂಬರ್ ಇಪ್ಪತ್ತೆಂಟನ್ನ ಬೇರೆ ಪರೀಕ್ಷೆಯಾಗಿ ತೆಗೆದಿದೀಯಾ?"

"ತೆಗೆದಿದೀನಿ ಅತ್ತೆ. ಪ್ರೋಗ್ರಾಮೂ ಸರಿಮಾಡಿದೆ."

"ಎಷ್ಟು ಸಾಲು?"

"ಮೂರು."

"ಹೆಸರು?"

ಅದೊಂದಕ್ಕೆ ಅವಳು ಇನ್ನೂ ಹೊಸ ಹೆಸರಿಟ್ಟಿರಲಿಲ್ಲ. ಹಾಗೆಂದಳು. ಅತ್ತೆ ಚೀಟಿಯನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಚಿ ಮಾವನ ಕೈಗೆ ಕೊಟ್ಟರು.

"ಇವರು ಮರೆತಿರಲಿಲ್ಲ ಅಂತ ಇಡು," ಎಂದರು.