ಬಂದುಹೋಗುವವರ ಲೈಸೆನ್ಸ್

ಈ ಊರಿನ ಕಾನೂನು ನನ್ನ ತಂಗಿಗಿಂತ ನನಗೇ ಚೆನ್ನಾಗಿ ಗೊತ್ತು. ಹೊರಗಿನಿಂದ ಬಂದುಹೋಗುವವರು ತಮ್ಮೂರಿನ ಲೈಸೆನ್ಸಿನಲ್ಲೇ ಗಾಡಿ ಓಡಿಸಬಹುದು. ನೆಲೆ ನಿಂತವರಿಗೆ ಮಾತ್ರ ಇಲ್ಲಿನ ಲೈಸೆನ್ಸ್ ಬೇಕು. ನಾನು ಬಂದುಹೋಗುವವಳು. ಅರ್ಧ ಆಯುಷ್ಯ ಶಾಲೆಯ ಬಸ್ಸು ಓಡಿಸಿದವಳಿಗೆ ತಂಗಿಯ ಲಾಂಡ್ರಿ ವ್ಯಾನು ಯಾವ ಲೆಕ್ಕ?

ಅವಳು ಅಂಗಡಿಯ ಒದ್ದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಫೋನಿನಲ್ಲಿ ‘ಬಾ’ ಎನ್ನಲಿಲ್ಲ. ‘ವ್ಯಾನ್ ಓಡಿಸೋಕೆ ಯಾರೂ ಇಲ್ಲ’ ಎಂದಳು, ಅಷ್ಟೇ. ನಮ್ಮ ಮನೆತನದವರು ಬಾಯಿಬಿಟ್ಟು ಕೇಳುವುದಿಲ್ಲ. ನಾನು ಮರುದಿನವೇ ಪೆಟ್ಟಿಗೆ ಹಿಡಿದು ಬಂದೆ. ಗಂಡ ತೀರಿಕೊಂಡ ಮೇಲೆ ಅವಳು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ನಾನೂ ನಮ್ಮೂರಲ್ಲಿ ಒಬ್ಬಳೇ. ಶಾಲೆಯವರು ಬಸ್ಸು ಮಾರಿದ ಮೇಲೆ ನನ್ನ ದಾರಿ ಕಾಯುವವರು ಯಾರೂ ಇರಲಿಲ್ಲ. ಇದನ್ನು ತಂಗಿಗೆ ಹೇಳುವಷ್ಟು ದಡ್ಡಿಯಲ್ಲ ನಾನು.

ದಿನಾ ಬೆಳಿಗ್ಗೆ ಆಸ್ಪತ್ರೆಗೆ ಒಗೆದ ಬೆಡ್‌ಶೀಟು ಮುಟ್ಟಿಸಬೇಕು. ಸೇತುವೆಯ ಬಳಿ ದಪ್ಪ ಮೀಸೆಯ ಪೊಲೀಸ್ ಕೈ ಅಡ್ಡ ಹಾಕುತ್ತಿದ್ದ. ನಾನು ನಮ್ಮೂರಿನ ಲೈಸೆನ್ಸ್ ತೋರಿಸಿ, “ಗೆಸ್ಟ್, ಸರ್. ತಂಗಿ ಮನೆಗೆ ಬಂದಿದ್ದೀನಿ,” ಎಂದು ರಾಣಿಯ ಹಾಗೆ ಗೇರು ಬದಲಿಸುತ್ತಿದ್ದೆ. ಅಂಗಡಿಯ ಇಸ್ತ್ರಿಯವನಿಗೆ ಇದೆಲ್ಲ ಗೊತ್ತಾಗಿ ನನಗೆ ‘ಗೆಸ್ಟಕ್ಕ’ ಎಂದೇ ಹೆಸರಿಟ್ಟ. ಹೆಸರಿಗೆ ತಕ್ಕ ಹಾಗೆ ನಾನು ಬಟ್ಟೆಯನ್ನೂ ಪೆಟ್ಟಿಗೆಯಿಂದಲೇ ತೆಗೆದು ಪೆಟ್ಟಿಗೆಗೇ ಹಾಕುತ್ತಿದ್ದೆ. ತಂಗಿ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಒಂದು ದಿನ ಬೀರುವಿನ ಮೇಲಿನ ಖಾನೆ ಖಾಲಿಯಾಗಿತ್ತು. ಟವೆಲ್ಲಿಗಿರಬೇಕು ಅಂದುಕೊಂಡು ಸುಮ್ಮನಾದೆ.

ನಾಳೆ ಪ್ಲಾಸ್ಟರ್ ಬಿಚ್ಚುತ್ತಾರೆ ಅನ್ನುವ ದಿನ ನನಗೆ ಎಲ್ಲದರ ಮೇಲೂ ಸಿಟ್ಟು. ಕೈ ಸರಿಹೋದರೆ ನನ್ನ ಕೆಲಸ ಮುಗಿಯಿತು, ಹೊರಡಬೇಕು. ಹೋಗಲು ನನಗೆ ಮನಸ್ಸಿರಲಿಲ್ಲ. ಇರು ಅಂತ ಅವಳು ಹೇಳಲಿಲ್ಲ, ಇರಲಾ ಅಂತ ನಾನು ಕೇಳಲಿಲ್ಲ. ಅವತ್ತು ಅವಳು ಆಸ್ಪತ್ರೆಯವರ ಜೊತೆ ಮಾತಾಡಬೇಕೆಂದು ವ್ಯಾನಿನಲ್ಲಿ ಪಕ್ಕದಲ್ಲೇ ಕೂತಿದ್ದಳು.

ಸೇತುವೆಯ ಬಳಿ ಮೀಸೆಯವನು ಲೈಸೆನ್ಸನ್ನು ಹಿಂದೆ ಮುಂದೆ ತಿರುವಿದ.

“ದಿನಾ ನೋಡ್ತೀನಲ್ಲಮ್ಮ. ಎಂಥ ಗೆಸ್ಟ್ ನೀವು? ಯಾವಾಗ ಹೋಗ್ತೀರಿ ವಾಪಸ್ಸು?”

ಯಾವ ಪೊಲೀಸಿನ ಮುಂದೆಯೂ ತಡವರಿಸದ ನನ್ನ ನಾಲಿಗೆ ಅವತ್ತು ಹೊರಳಲಿಲ್ಲ. ನಾಳಿದ್ದು ಅಂದಿದ್ದರೆ ಮುಗಿಯುತ್ತಿತ್ತು.

“ಹೋಗಲ್ಲ,” ಎಂದಳು ತಂಗಿ.

ಮೀಸೆಯವನು ಬಗ್ಗಿ ಅವಳನ್ನು ನೋಡಿದ. ಮನುಷ್ಯ ಕೆಟ್ಟವನಲ್ಲ. “ಯೋಚನೆ ಮಾಡಿ ಹೇಳಿ. ಗೆಸ್ಟ್ ಅಂದ್ರೆ ಬಿಡ್ತೀನಿ. ಇಲ್ಲೇ ಇರೋರು ಅಂದ್ರೆ ಈ ಲೈಸೆನ್ಸ್ ನಡೆಯಲ್ಲ, ದಂಡ ಹಾಕಿ ಗಾಡಿ ಇಲ್ಲೇ ನಿಲ್ಲಿಸ್ಬೇಕಾಗುತ್ತೆ.”

“ಅವಳ ತಲೆ ಕೆಟ್ಟಿದೆ ಸರ್, ನಾನು—”

“ನೀನು ಬಾಯಿ ಮುಚ್ಕೊಂಡಿರಕ್ಕ,” ಎಂದು ಪ್ಲಾಸ್ಟರ್ ಕೈಯಿಂದ ನನ್ನ ತೊಡೆಗೆ ಒಂದು ಬಿಟ್ಟಳು. “ಇವಳು ಗೆಸ್ಟಲ್ಲ ಸರ್, ನಮ್ಮನೆಯವಳು. ಗಾಡಿ ನಿಲ್ಲೋದಾದ್ರೆ ನಿಲ್ಲಲಿ.”

ಗಾಡಿ ನಿಂತಿತು. ಅಲ್ಲಿಂದ ಆಸ್ಪತ್ರೆಯವರೆಗೆ ಏರುದಾರಿ. ದೊಡ್ಡ ಗಂಟು ನನ್ನ ತಲೆಯ ಮೇಲೆ, ದಿಂಬಿನ ಚೀಲಗಳ ಗಂಟು ಅವಳ ಎಡಗೈಯಲ್ಲಿ. ಅರ್ಧ ದಾರಿಗೆ ನನಗೆ ಏದುಸಿರು ಬಂತು. ಬೈಯಲು ಮಾತ್ರ ಉಸಿರಿತ್ತು.

“ಇನ್ನೊಂದು ಸಲ ಗೆಸ್ಟ್ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನೀನು ಹೋಗ್ತಿದ್ದೆ,” ಎಂದಳು.

ನಾನು ಗಂಟನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ. ಎರಡೂ ಕೈ ಮೇಲಿದ್ದುದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಅವಳಂತೂ ಹಿಂದೆ ತಿರುಗಿ ನೋಡದೆ ನಡೆದುಬಿಟ್ಟಳು. ನಮ್ಮ ಮನೆತನವೇ ಹಾಗೆ.

ಮರುದಿನ ಪ್ಲಾಸ್ಟರ್ ಬಿಚ್ಚಿದರು. ಅದಾಗಿ ಸ್ವಲ್ಪ ದಿನಕ್ಕೆ ದಂಡ ಕಟ್ಟಿ ವ್ಯಾನು ಬಿಡಿಸಿಕೊಂಡು ಅವಳೇ ಸ್ಟೀರಿಂಗ್ ಹಿಡಿದಳು, ನಾನು ಪಕ್ಕದಲ್ಲಿ. ನನ್ನ ಹೊಸ ಲೈಸೆನ್ಸಿನ ಪರೀಕ್ಷೆ ಇನ್ನೂ ದೂರವಿತ್ತು. ಪಾಸಾಗುವ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಪರೀಕ್ಷೆ ಮಾಡುವವನಿಗೇ ನಾಲ್ಕು ಮಾತು ಕಲಿಸಿ ಬರುವವಳು ನಾನು. ಆದರೆ ಅಲ್ಲಿಯವರೆಗೆ, ಅವಳ ಕೈ ನೆಟ್ಟಗಾಗಿ ನಾನು ವ್ಯಾನು ಮುಟ್ಟದ ಹಾಗಾಗಿ, ಆ ಮನೆಗೆ ನನ್ನಿಂದ ಕವಡೆಕಾಸಿನ ಉಪಯೋಗವೂ ಇರಲಿಲ್ಲ.

ಒಂದು ಸಂಜೆ ಬಟ್ಟೆ ಬದಲಿಸಲು ಹೋದರೆ ಮಂಚದ ಕೆಳಗೆ ಪೆಟ್ಟಿಗೆ ಇಲ್ಲ.

“ಏಯ್, ನನ್ನ ಪೆಟ್ಟಿಗೆ ಎಲ್ಲೇ?”

“ಅಟ್ಟದ ಮೇಲಿದೆ,” ಎಂದಳು ಕೆಳಗಿನಿಂದ. “ಗಿರಾಕಿಗಳು ಬಿಟ್ಟುಹೋದ ಬಟ್ಟೆ ತುಂಬಿಸಿದ್ದೀನಿ. ನಿನಗೆ ಬೇಕಿತ್ತಾ?”

ಬೀರು ತೆರೆದೆ. ಮೇಲಿನ ಖಾನೆಯಲ್ಲಿ ನನ್ನ ಬಟ್ಟೆಗಳು ಇಸ್ತ್ರಿಯಾಗಿ ಕೂತಿದ್ದವು.

“ಬೇಡ,” ಎಂದೆ.